ಬೆಲೆ ಕಾಣದ ಸರಕು: ಅಮೆರಿಕದ ಆರೋಗ್ಯ ನೀತಿಯ ಜಮಾ-ಖರ್ಚು

2009ನೇ ಇಸವಿಯ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದ ಒಂದು ಸಾರ್ವಜನಿಕ ಸಭೆಯ ಪ್ರಸಂಗ ಆ ದೇಶದ ಪತ್ರಿಕೆಗಳಲ್ಲಿ ಬಹಳ ಪ್ರಚಾರ ಪಡೆಯಿತು. ಅಧ್ಯಕ್ಷ ಬರಾಕ್ ಒಬಾಮಾ ಅವರ ಆರೋಗ್ಯ ಸುಧಾರಣಾ ಮಸೂದೆ ಆಗ ಚರ್ಚೆಯಲ್ಲಿತ್ತು. ಪ್ರತಿನಿಧಿ ಸಭೆಯ ಸದಸ್ಯ ಬಾಬ್ ಇಂಗ್ಲಿಸ್ ಅವರ ಸಭೆಯಲ್ಲಿ ಒಬ್ಬ ನಾಗರಿಕ ಎದ್ದು ನಿಂತು, ತನ್ನ ಮೆಡಿಕೇರ್‌ಗೆ ಸರ್ಕಾರ ಕೈ ಹಾಕಕೂಡದೆಂದು ಎಚ್ಚರಿಸಿದ. ಮೆಡಿಕೇರ್ ಎಂಬುದು ಸರ್ಕಾರವೇ ನಡೆಸುವ ಯೋಜನೆ ಎಂದು ಇಂಗ್ಲಿಸ್ ತಿಳಿಹೇಳಲು ಯತ್ನಿಸಿದರೂ ಆತ ಒಪ್ಪಲಿಲ್ಲವಂತೆ. ಪತ್ರಿಕೆಗಳು ನಕ್ಕವು, ಹಾಸ್ಯಗಾರರಿಗೆ ಹಲವು ತಿಂಗಳ ಮೇವು ದೊರೆಯಿತು.

ಲೆಕ್ಕಪತ್ರ ಬಲ್ಲವರು ಮಾತ್ರ ಆ ನಾಗರಿಕನ ಮಾತನ್ನು ನಗೆಯಲ್ಲಿ ತೇಲಿಸಿಬಿಡಲಾರರು. ಅವನ ಪ್ರತಿ ಸಂಬಳದ ಚೀಟಿಯಲ್ಲಿಯೂ ಮೆಡಿಕೇರ್ ಎಂಬ ಹೆಸರಿನಲ್ಲಿ ಶೇಕಡಾ 1.45ರಷ್ಟು ಹಣ ಕಡಿತವಾಗುತ್ತ ಬಂದಿದೆ. ಅಷ್ಟೇ ಮೊತ್ತವನ್ನು ಮಾಲೀಕನೂ ಸೇರಿಸಿ ಕಟ್ಟಿದ್ದಾನೆ. ದುಡಿಮೆಯ ಕಾಲವೆಲ್ಲ ಕಟ್ಟಿಸಿಕೊಂಡ ಹಣವನ್ನು 65 ತುಂಬಿದ ಮೇಲೆ ಆಸ್ಪತ್ರೆಯ ರೂಪದಲ್ಲಿ ಮರಳಿ ಪಡೆಯುವುದನ್ನು ಆತ ಸರ್ಕಾರದ ಔದಾರ್ಯವೆಂದು ತಿಳಿಯದೆ ತನ್ನ ಠೇವಣಿಯೆಂದು ತಿಳಿದಿದ್ದಾನೆ. ಆ ತಿಳಿವಳಿಕೆ ಅರ್ಧ ಸರಿ. ಆಸ್ಪತ್ರೆ ವಾಸದ ವೆಚ್ಚ ಬಹುಮಟ್ಟಿಗೆ ಆ ಕಡಿತದ ನಿಧಿಯಿಂದಲೇ ನಡೆಯುತ್ತದೆ. ವೈದ್ಯರ ಶುಲ್ಕ ಮೊದಲಾದ ಎರಡನೆಯ ಭಾಗದ ಖರ್ಚಿನಲ್ಲಾದರೋ ಸುಮಾರು ಮುಕ್ಕಾಲು ಪಾಲು ಸಾಮಾನ್ಯ ತೆರಿಗೆಯಿಂದ ಬರುತ್ತದೆ. ಅರ್ಧ ಠೇವಣಿ, ಅರ್ಧ ಅನುದಾನ. ಯಾವುದು ಎಷ್ಟೆಂದು ಸಂಬಳದ ಚೀಟಿ ಹೇಳುವುದಿಲ್ಲ. ಅಮೆರಿಕದ ಆರೋಗ್ಯ ವ್ಯವಸ್ಥೆಯ ಸಕಲ ಗೊಂದಲದ ಬೀಜ ಇದರಲ್ಲಿಯೇ ಇದೆ: ಹಣ ಕೊಡುವವನಿಗೆ ತಾನು ಎಷ್ಟು ಕೊಡುತ್ತಿದ್ದೇನೆ, ಯಾರಿಗೆ ಕೊಡುತ್ತಿದ್ದೇನೆ, ಏತಕ್ಕೆ ಕೊಡುತ್ತಿದ್ದೇನೆ ಎಂಬುದು ಕಾಣಿಸುವುದೇ ಇಲ್ಲ.

2023ರಲ್ಲಿ ಅಮೆರಿಕ ಆರೋಗ್ಯಕ್ಕಾಗಿ ವೆಚ್ಚ ಮಾಡಿದ ಮೊತ್ತ 4.9 ಲಕ್ಷ ಕೋಟಿ ಡಾಲರ್. ಅದು ಆ ದೇಶದ ಒಟ್ಟು ಉತ್ಪನ್ನದ ಶೇಕಡಾ 17.6, ತಲೆಗೆ 14,570 ಡಾಲರ್. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಸುಮಾರು ಮೂರನೆಯ ಒಂದರಷ್ಟು. ರಾಜ್ಯಗಳು ಮತ್ತು ಸ್ಥಳೀಯ ಸರ್ಕಾರಗಳ ಪಾಲನ್ನೂ ಸೇರಿಸಿದರೆ ಅರ್ಧದ ಹತ್ತಿರ ಬರುತ್ತದೆ. ಖಾಸಗಿ ವ್ಯವಸ್ಥೆಯ ತವರೆಂದು ಜಗತ್ತೆಲ್ಲ ಕರೆಯುವ ದೇಶದಲ್ಲಿ ಆರೋಗ್ಯದ ಅತಿ ದೊಡ್ಡ ಗಿರಾಕಿ ಸರ್ಕಾರವೇ ಆಗಿದೆ. ಇಷ್ಟೆಲ್ಲ ಖರ್ಚಿನ ಬಳಿಕ ಅದೇ ವರ್ಷ ಅಲ್ಲಿನ ಸರಾಸರಿ ಆಯುರ್ಮಾನ 78.4 ವರ್ಷ, ಜಪಾನಿನವರು 84ರ ಆಸುಪಾಸಿನಲ್ಲಿದ್ದಾರೆ. ಯಾವುದೇ ಕಾರ್ಖಾನೆಯ ಉತ್ಪಾದನಾ ವೆಚ್ಚದ ತಃಖ್ತೆ ಹೀಗಿದ್ದರೆ ಬ್ಯಾಂಕಿನವರು ಸಾಲವನ್ನು ನವೀಕರಿಸಲು ಹಿಂದೆಮುಂದೆ ನೋಡುತ್ತಿದ್ದರು.

ಯುದ್ಧಕಾಲದ ಒಂದು ಹೊಂದಾಣಿಕೆ

ಈ ವ್ಯವಸ್ಥೆಯನ್ನು ಯಾರೂ ಕುಳಿತು ಯೋಜಿಸಿದ್ದಲ್ಲ. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆ, ಊರಿನ ಶಾಲಾ ಶಿಕ್ಷಕರೊಡನೆ ಒಂದು ಒಪ್ಪಂದ ಮಾಡಿಕೊಂಡಿತು: ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನಗಳವರೆಗೆ ಆಸ್ಪತ್ರೆಯ ಆರೈಕೆ. ಹಾಸಿಗೆ ತುಂಬಿಸಿಕೊಳ್ಳುವ ಆಸ್ಪತ್ರೆಯ ಆತಂಕ, ಒಮ್ಮೆಗೇ ಬಿಲ್ಲು ತೆರಲಾಗದ ಶಿಕ್ಷಕರ ಆತಂಕ ಎರಡೂ ಅದರಿಂದ ನೀಗಿದವು. ಮುಂದೆ ಬ್ಲೂ ಕ್ರಾಸ್ ಎಂದು ಹೆಸರಾದ ವಿಮಾ ಪದ್ಧತಿಯ ಮೂಲ ಇದು.

ಎರಡನೆಯ ಮಹಾಯುದ್ಧ ಬಂತು. 1942ರಲ್ಲಿ ಸರ್ಕಾರ ಕೂಲಿ ಏರಿಕೆಗೆ ತಡೆಯೊಡ್ಡಿತು. ಕೆಲಸಗಾರರು ಸಿಗದೆ ಪರದಾಡುತ್ತಿದ್ದ ಕಾರ್ಖಾನೆಗಳಿಗೆ ಸಂಬಳ ಹೆಚ್ಚಿಸುವ ದಾರಿ ಮುಚ್ಚಿತು. ಆದರೆ ವಿಮೆ, ಪಿಂಚಣಿಯಂಥ ಸೌಲಭ್ಯಗಳನ್ನು ಆ ತಡೆಯಿಂದ ಹೊರಗಿಡಲಾಯಿತು. ಮಾಲೀಕರು ಆ ಕಿಂಡಿಯನ್ನು ಬಳಸಿಕೊಂಡರು. ಮಾಲೀಕ ಕಟ್ಟಿದ ವಿಮಾ ಕಂತು ನೌಕರನ ಆದಾಯವಲ್ಲವೆಂದು 1943ರಲ್ಲಿ ತೆರಿಗೆ ಇಲಾಖೆ ಒಪ್ಪಿತು. 1954ರ ತೆರಿಗೆ ಸಂಹಿತೆಯಲ್ಲಿ ಅದು ಕಾನೂನಾಗಿಯೇ ನೆಲೆಯೂರಿತು. ಮಾಲೀಕನಿಗೆ ಅದು ವ್ಯಾಪಾರದ ಖರ್ಚು, ನೌಕರನಿಗೆ ತೆರಿಗೆಯಿಲ್ಲದ ಲಾಭ. ಇಷ್ಟು ಅನುಕೂಲದ ದಾಖಲೆಯನ್ನು ಯಾವ ಲೆಕ್ಕಿಗ ತಾನೇ ಬಿಡುತ್ತಾನೆ! ಯುದ್ಧ ಮುಗಿದು ಎಂಟು ದಶಕ ಕಳೆದರೂ ಆ ತಾತ್ಕಾಲಿಕ ಹೊಂದಾಣಿಕೆ ಅಮೆರಿಕದ ಆರೋಗ್ಯ ನೀತಿಯ ತಳಪಾಯವಾಗಿ ಉಳಿದಿದೆ. 15 ಕೋಟಿಗೂ ಹೆಚ್ಚು ಜನ ಇಂದು ನೌಕರಿಯ ಮೂಲಕವೇ ವಿಮೆ ಪಡೆಯುತ್ತಾರೆ.

ಬೇರೆ ದಾರಿ ಇರಲಿಲ್ಲವೆಂದಲ್ಲ. 1945ರ ನವೆಂಬರಿನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ರಾಷ್ಟ್ರೀಯ ವಿಮೆಯ ಪ್ರಸ್ತಾಪವನ್ನು ಶಾಸಕರ ಮುಂದಿಟ್ಟರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅದನ್ನು ಸಮಾಜವಾದಿ ವೈದ್ಯವೆಂದು ಹಳಿದು ಹೋರಾಡಿತು, ಪ್ರಸ್ತಾಪ ಬಿದ್ದುಹೋಯಿತು. ನೌಕರಿಯ ವಿಮೆಗೆ ನಿಲುಕದ ವೃದ್ಧರು ಮತ್ತು ಬಡವರಿಗಾಗಿ 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಮತ್ತು ಮೆಡಿಕೇಯ್ಡ್ ಕಾಯಿದೆಗೆ ಸಹಿ ಹಾಕಿದರು. ಅದಕ್ಕಾಗಿ ಅವರು ಟ್ರೂಮನ್ ಅವರ ಊರಾದ ಇಂಡಿಪೆಂಡೆನ್ಸ್‌ಗೇ ಹೋಗಿ, ಮೊದಲ ಕಾರ್ಡನ್ನು ಆ ವೃದ್ಧ ನಾಯಕರಿಗೇ ಕೊಟ್ಟರು.

ತೆರಿಗೆ ವಿನಾಯಿತಿಯ ವಿಷಯದಲ್ಲಿ ವರ್ತಕರು ಗಮನಿಸಬೇಕಾದ ಒಂದು ಅನ್ಯಾಯವಿದೆ. ದೊಡ್ಡ ಕಂಪನಿಯ ನೌಕರನಿಗೆ 1954ರಿಂದಲೇ ಪೂರ್ಣ ವಿನಾಯಿತಿ. ಸ್ವಂತ ಅಂಗಡಿ ನಡೆಸುವವನು ತನ್ನ ವಿಮೆಯನ್ನು ತಾನೇ ಕೊಂಡರೆ 1986ರವರೆಗೆ ಅಂಥ ವಿನಾಯಿತಿ ಇರಲಿಲ್ಲ. 1986ರ ಕಾಯಿದೆ ಕಂತಿನ ಶೇಕಡಾ 25ರಷ್ಟನ್ನು ಕಳೆಯಲು ಅನುಮತಿ ನೀಡಿತು; ಪೂರ್ಣ ಕಳೆತ ದೊರೆತದ್ದು 2003ರಲ್ಲಿ. ಆಗಲೂ ಸ್ವಯಂ ಉದ್ಯೋಗಿಯ ಸಾಮಾಜಿಕ ಭದ್ರತಾ ತೆರಿಗೆಯ ಲೆಕ್ಕದಲ್ಲಿ ಆ ಕಳೆತ ನಡೆಯುವುದಿಲ್ಲ. ಸ್ವಂತ ದುಡಿಮೆಯನ್ನು ಹಾಡಿ ಹೊಗಳುವ ದೇಶ, ಸ್ವಂತ ದುಡಿಮೆಯವನಿಗೆ ಅರ್ಧ ಶತಮಾನ ಕಾಲ ಹೆಚ್ಚು ಬೆಲೆಗೆ ವಿಮೆ ಮಾರಿತು.

ಹನ್ನೆರಡು ಜನರ ವರ್ಕ್‌ಶಾಪ್

ಓಹಾಯೊ ರಾಜ್ಯದಲ್ಲಿ ಹನ್ನೆರಡು ಜನ ಕೆಲಸಗಾರರಿಂದ ಲೇತ್ ಯಂತ್ರಗಳ ವರ್ಕ್‌ಶಾಪ್ ನಡೆಸುವವನೊಬ್ಬನನ್ನು ಊಹಿಸಿಕೊಳ್ಳಬಹುದು. 2025ರಲ್ಲಿ ನೌಕರಿಯ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 26,993 ಡಾಲರ್. ಅದರಲ್ಲಿ ನೌಕರನ ಪಾಲು 6,850. ಉಳಿದ 20,143 ಡಾಲರ್ ಮಾಲೀಕನದು. ಹನ್ನೆರಡು ಕುಟುಂಬಗಳಿಗೆ ಸರಾಸರಿ ದರದಲ್ಲಿ ಹಿಡಿದರೂ ವರ್ಷಕ್ಕೆ 2,41,716 ಡಾಲರ್ ಆಗುತ್ತದೆ. ಕಚ್ಚಾ ಉಕ್ಕು ಕೊಳ್ಳುವ ಮೊದಲೇ ಕೊಡಬೇಕಾದ ಹಣ ಇದು.

ಇಲ್ಲಿ ಸೂಕ್ಷ್ಮವೊಂದಿದೆ. ಭಾರತದ ಕಾರ್ಖಾನೆದಾರ ಇಎಸ್‌ಐ ವಂತಿಗೆಯನ್ನು ಸಂಬಳದ ಶೇಕಡಾವಾರು ಲೆಕ್ಕದಲ್ಲಿ ಕಟ್ಟುತ್ತಾನೆ. 2019ರ ಜುಲೈನಲ್ಲಿ ನಿಗದಿಯಾದ ದರದಂತೆ ಮಾಲೀಕನದು ಶೇಕಡಾ 3.25, ಕಾರ್ಮಿಕನದು 0.75. ಸಂಬಳ ಕಡಿಮೆಯಾದರೆ ವಂತಿಗೆಯೂ ಕಡಿಮೆ. ಇಎಸ್‌ಐ ಆಸ್ಪತ್ರೆಗಳ ಬಗೆಗೆ ಇಲ್ಲಿನವರಿಗೆ ಎಷ್ಟೇ ದೂರುಗಳಿರಲಿ, ಈ ಲೆಕ್ಕದ ನ್ಯಾಯವನ್ನು ಒಪ್ಪಬೇಕು. ಅಮೆರಿಕದ ಕಂತು ತಲೆಯ ಲೆಕ್ಕದ್ದು. 20,143 ಡಾಲರ್ ಎಂಬುದು ವರ್ಷಕ್ಕೆ 2 ಲಕ್ಷ ಡಾಲರ್ ಗಳಿಸುವ ಎಂಜಿನಿಯರನ ಸಂಬಳದ ಹತ್ತನೆಯ ಒಂದು ಭಾಗ. 40,000 ಡಾಲರ್ ಗಳಿಸುವ ಲೇತ್ ಕೆಲಸಗಾರನ ಸಂಬಳದ ಅರ್ಧ. ಹೀಗಿರುವಾಗ ಮಾಲೀಕ ಕಡಿಮೆ ಸಂಬಳದ ಹೊಸ ಕೆಲಸಗಾರನನ್ನು ಸೇರಿಸಿಕೊಳ್ಳಲು ಹಿಂಜರಿಯುವುದು, ಸೇರಿಸಿಕೊಂಡವನಿಗೆ ಸಂಬಳ ಹೆಚ್ಚಿಸದಿರುವುದು ಸಹಜ. ಸಂಬಳ ಏಕೆ ಏರಲಿಲ್ಲವೆಂದು ಕೆಲಸಗಾರ ಮಾಲೀಕನನ್ನು ಶಪಿಸುತ್ತಾನೆ. ಏರಬೇಕಾಗಿದ್ದ ಹಣ ವಿಮಾ ಕಂಪನಿಗೆ ಹೋಗಿರುವುದು ಅವನಿಗೆ ಕಾಣುವುದಿಲ್ಲ.

2014ಕ್ಕೆ ಮುಂಚೆ ಸ್ಥಿತಿ ಇನ್ನೂ ಕಠಿಣವಾಗಿತ್ತು. ಅನೇಕ ರಾಜ್ಯಗಳಲ್ಲಿ ಚಿಕ್ಕ ಸಂಸ್ಥೆಯ ಕಂತನ್ನು ಅದರ ಕೆಲಸಗಾರರ ಆರೋಗ್ಯ ನೋಡಿ ನಿರ್ಧರಿಸುತ್ತಿದ್ದರು. ಹನ್ನೆರಡರಲ್ಲಿ ಒಬ್ಬನಿಗೆ ಕ್ಯಾನ್ಸರ್ ಬಂದರೆ ಮರುವರ್ಷ ಎಲ್ಲರ ಕಂತೂ ಏರುತ್ತಿತ್ತು. ಸಾವಿರಾರು ಜನರ ಕಂಪನಿಗೆ ಒಬ್ಬ ರೋಗಿ ಲೆಕ್ಕಕ್ಕೆ ಬರುವುದಿಲ್ಲ. ಅದೂ ಅಲ್ಲದೆ ದೊಡ್ಡ ಕಂಪನಿಗಳು 1974ರ ಎರಿಸಾ ಕಾಯಿದೆಯ ಆಶ್ರಯದಲ್ಲಿ ತಾವೇ ನಿಧಿ ಕೂಡಿಟ್ಟು, ರಾಜ್ಯಗಳ ವಿಮಾ ನಿಯಮಗಳಿಂದ ಹೊರಗಿರಬಲ್ಲವು. ಚಿಕ್ಕವನಿಗೆ ಆ ಬಲವಿಲ್ಲ. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾಯಿದೆ, 2014ರಿಂದ ಆರೋಗ್ಯ ನೋಡಿ ಕಂತು ಏರಿಸುವ ಈ ಪದ್ಧತಿಯನ್ನು ಚಿಕ್ಕ ಸಂಸ್ಥೆಗಳಿಗೂ ಬಿಡಿ ವ್ಯಕ್ತಿಗಳಿಗೂ ನಿಲ್ಲಿಸಿತು. ಚಿಕ್ಕ ಉದ್ಯಮಿಗಳ ಸಂಘಟನೆಯೇ ಆ ಕಾಯಿದೆಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಚರಿತ್ರೆಯ ಒಂದು ವಿನೋದ. ಐವತ್ತು ಪೂರ್ಣಕಾಲಿಕ ನೌಕರರ ಗಡಿ ದಾಟಿದವರಿಗೆ ಮಾತ್ರ ವಿಮೆ ಕಡ್ಡಾಯವಾದ್ದರಿಂದ, ಐವತ್ತನೆಯವನನ್ನು ಸೇರಿಸಿಕೊಳ್ಳಲು ಮಾಲೀಕರು ಅಂಜುವುದು ಅಲ್ಲಿಯೂ ನಡೆದಿದೆ. ಅಂಥ ಗಡಿಗಳ ಕಥೆ ಇಲ್ಲಿನ ಕಾರ್ಖಾನೆದಾರರಿಗೆ ಹೊಸದೇನಲ್ಲ.

ಇನ್ನು ದೊಡ್ಡ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು ಕೈಗೆಲಸ ಕಲಿತವನೊಬ್ಬ ಸ್ವಂತ ಶೆಡ್ ಹಾಕಬೇಕೆಂದುಕೊಂಡರೆ? ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ ಇದ್ದರೆ ಆತ ಯೋಚಿಸಬೇಕಾಗುವುದು ಬಂಡವಾಳದ ವಿಷಯವನ್ನಷ್ಟೇ ಅಲ್ಲ. ನೌಕರಿ ಬಿಟ್ಟವರು ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದೆಂದು 1985ರ ಕಾಯಿದೆಯೊಂದು ಹೇಳುತ್ತದೆ. ಆದರೆ ಮಾಲೀಕನ ಪಾಲನ್ನೂ ತಾನೇ ತೆತ್ತು, ಅದರ ಮೇಲೆ ಶೇಕಡಾ 2 ನಿರ್ವಹಣಾ ವೆಚ್ಚ ಸೇರಿಸಿ, ಪೂರ್ಣ ಕಂತಿನ 102 ಭಾಗದವರೆಗೂ ಕಟ್ಟಬೇಕಾಗುತ್ತದೆ. ಆದಾಯ ನಿಂತ ತಿಂಗಳೇ ಖರ್ಚು ನಾಲ್ಕು ಪಟ್ಟಾಗುವ ಏರ್ಪಾಡು ಇದು. ಉದ್ಯಮಶೀಲತೆಗೆ ಹೆಸರಾದ ದೇಶದಲ್ಲಿ ಎಷ್ಟು ಶೆಡ್‌ಗಳು ಈ ಒಂದೇ ಕಾರಣಕ್ಕೆ ತೆರೆಯದೆ ಉಳಿದವೋ ಯಾವ ಖಾತೆಯಲ್ಲಿಯೂ ಬರೆದಿಲ್ಲ.

ದರಪಟ್ಟಿ ಇಲ್ಲದ ಅಂಗಡಿ

ಅಮೆರಿಕದ ಪ್ರತಿ ಆಸ್ಪತ್ರೆಯಲ್ಲಿಯೂ ಚಾರ್ಜ್‌ಮಾಸ್ಟರ್ ಎಂಬ ದೊಡ್ಡ ದರಪಟ್ಟಿಯಿದೆ. ಅದರಲ್ಲಿನ ದರವನ್ನು ಕೊಡುವವರು ಬಹು ವಿರಳ. ವಿಮಾ ಕಂಪನಿಯೊಂದಕ್ಕೆ ಒಂದು ಡಿಸ್ಕೌಂಟ್, ಇನ್ನೊಂದಕ್ಕೆ ಇನ್ನೊಂದು. ಮೆಡಿಕೇರ್ ತನ್ನ ದರವನ್ನು ತಾನೇ ನಿಗದಿ ಮಾಡುತ್ತದೆ. ಮೆಡಿಕೇಯ್ಡ್ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ ಕೊಡುತ್ತದೆ. ಪಟ್ಟಿಯ ಪೂರ್ಣ ದರದ ಬಿಲ್ಲು ಹೋಗುತ್ತಿದ್ದುದು ವಿಮೆಯೇ ಇಲ್ಲದವನಿಗೆ, ಅಂದರೆ ಕೊಡಲು ಅತ್ಯಂತ ಅಶಕ್ತನಾದವನಿಗೆ. ಸಗಟು ಗಿರಾಕಿಗೆ ರಿಯಾಯಿತಿ ಕೊಡುವುದು ವ್ಯಾಪಾರ ಧರ್ಮವೇ. ಚಿಲ್ಲರೆ ಗಿರಾಕಿಗೆ ಬೆಲೆ ಹೇಳದೆ ಸರಕು ಕಟ್ಟಿ, ತಿಂಗಳ ನಂತರ ಬಿಲ್ಲು ಕಳುಹಿಸುವುದು ಯಾವ ಸಂತೆಯಲ್ಲಿಯೂ ನಡೆಯದು.

ತುರ್ತು ಸ್ಥಿತಿಯಲ್ಲಿ ಬಂದವನನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸಕೂಡದೆಂದು 1986ರಲ್ಲಿ ಕಾಯಿದೆಯಾಯಿತು. ಮಾನವೀಯ ಕಾಯಿದೆ, ಸಂದೇಹವಿಲ್ಲ. ಆದರೆ ಅದರ ಖರ್ಚಿಗೆ ಪ್ರತ್ಯೇಕ ಹಣವನ್ನು ಶಾಸಕರು ತೆಗೆದಿಡಲಿಲ್ಲ. ಅಂದ ಮೇಲೆ ಆ ಹೊರೆ ಯಾವುದಾದರೂ ಖಾತೆಗೆ ಇಳಿಯಲೇಬೇಕು. ಆಸ್ಪತ್ರೆಗಳು ದರಗಳನ್ನು ಬಹಿರಂಗಪಡಿಸಬೇಕೆಂಬ ನಿಯಮ ಜಾರಿಗೆ ಬಂದದ್ದು 2021ರ ಜನವರಿ 1ರಂದು. ರೋಗಿಗೆ ಅರಿವಿಲ್ಲದೆ ವಿಮಾ ಜಾಲದ ಹೊರಗಿನ ವೈದ್ಯರು ಕಳುಹಿಸುತ್ತಿದ್ದ ಅನಿರೀಕ್ಷಿತ ಬಿಲ್ಲುಗಳಿಗೆ ಕಡಿವಾಣ ಬಿದ್ದದ್ದು 2022ರ ಜನವರಿ 1ರಂದು. ಎರಡೂ ಒಳ್ಳೆಯವು, ಎರಡೂ ತಡವಾದವು.

ಔಷಧದ ಬೆಲೆಯಲ್ಲಿ ಈ ಆಟ ಇನ್ನೂ ಸೋಜಿಗದ್ದು; ಇದರಲ್ಲಿ ಕರ್ನಾಟಕದ ಸಂಬಂಧವೂ ಇದೆ. ಬೆಂಗಳೂರಿನ ಬಯೋಕಾನ್ ತಯಾರಿಸಿದ, ವಯಾಟ್ರಿಸ್ ಕಂಪನಿ ಅಮೆರಿಕದಲ್ಲಿ ಮಾರುತ್ತಿದ್ದ ಸೆಮ್‌ಗ್ಲೀ ಎಂಬ ಇನ್ಸುಲಿನ್‌ಗೆ 2021ರ ಜುಲೈನಲ್ಲಿ ಅಲ್ಲಿನ ಎಫ್‌ಡಿಎ ಸಂಸ್ಥೆ, ಮೂಲ ಔಷಧದ ಬದಲಿಗೆ ಔಷಧಿ ಅಂಗಡಿಯವರೇ ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆ ನೀಡಿತು. ಅದೇ ವರ್ಷದ ಕೊನೆಗೆ ಒಂದೇ ಸರಕು ಎರಡು ಲೇಬಲ್‌ಗಳಲ್ಲಿ ಮಾರುಕಟ್ಟೆಗೆ ಬಂತು. ಐದು ಪೆನ್ನುಗಳ ಪೊಟ್ಟಣಕ್ಕೆ ಬ್ರ್ಯಾಂಡ್ ಹೆಸರಿನದರ ಪಟ್ಟಿಬೆಲೆ ಸುಮಾರು 400 ಡಾಲರ್. ಹೆಸರಿಲ್ಲದ್ದರ ಬೆಲೆ 150 ಡಾಲರಿನೊಳಗೆ. ಅಗ್ಗದ್ದು ಇರುವಾಗ ದುಬಾರಿಯದನ್ನು ಯಾರು ಕೊಳ್ಳುತ್ತಾರೆಂದು ಇಲ್ಲಿನ ಕಿರಾಣಿ ವ್ಯಾಪಾರಿ ಕೇಳಿಯಾನು. ವಿಮಾ ಕಂಪನಿಗಳ ಪರವಾಗಿ ಔಷಧ ಪಟ್ಟಿ ತಯಾರಿಸುವ ಮಧ್ಯವರ್ತಿ ಸಂಸ್ಥೆಗಳಿವೆ. ಅತಿ ದೊಡ್ಡ ಮೂರೇ ಸಂಸ್ಥೆಗಳ ಕೈಯಲ್ಲಿ ಆ ದೇಶದ ಔಷಧ ಚೀಟಿಗಳ ಶೇಕಡಾ 80ರಷ್ಟು ವ್ಯವಹಾರವಿದೆ. ತಯಾರಕರು ಅವರಿಗೆ ಪಟ್ಟಿಬೆಲೆಯ ಮೇಲೆ ರಿಬೇಟು ಕೊಡುತ್ತಾರೆ. ಪಟ್ಟಿಬೆಲೆ ಎತ್ತರವಾದಷ್ಟೂ ರಿಬೇಟು ದೊಡ್ಡದು. ಆದುದರಿಂದ ತಯಾರಕ ದುಬಾರಿ ಲೇಬಲನ್ನೂ ಇಟ್ಟುಕೊಳ್ಳಲೇಬೇಕಾಯಿತು. ಅಡತಿ ಅಂಗಡಿಯ ದಲಾಲಿಯೂ ಬೆಲೆಯ ಶೇಕಡಾವಾರಿನದೇ. ಆದರೆ ಅಲ್ಲಿ ಬೆಲೆ ಏರಿದರೆ ರೈತನಿಗೂ ಲಾಭವಿದೆ. ಇಲ್ಲಿ ವಿಮೆಯಿಲ್ಲದ ರೋಗಿ ಪಟ್ಟಿಬೆಲೆಯನ್ನು ಪೂರ್ಣವಾಗಿ ತೆರುತ್ತಾನೆ, ರಿಬೇಟಿನ ಮುಖವನ್ನು ಮಾತ್ರ ಕಾಣನು.

ಅಮೆರಿಕದ ಔಷಧ ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತು ಜೆನೆರಿಕ್ ಔಷಧಗಳವು. ಔಷಧ ವೆಚ್ಚದಲ್ಲಿ ಅವುಗಳ ಪಾಲು ಐದರಲ್ಲೊಂದೂ ಇಲ್ಲ. ಭಾರತದ ತಯಾರಕರು ಪೈಸೆ ಪೈಸೆಗೆ ಪೈಪೋಟಿ ನಡೆಸಿ ಒದಗಿಸುವ ಮಾತ್ರೆಗಳು ಈ ಅಗ್ಗದ ಭಾಗದಲ್ಲಿವೆ. ಪೇಟೆಂಟ್ ಇರುವ ದುಬಾರಿ ಭಾಗದಲ್ಲಿ ಸರ್ಕಾರ ಚೌಕಾಸಿ ಮಾಡಕೂಡದೆಂದು 2003ರ ಮೆಡಿಕೇರ್ ಔಷಧ ಕಾಯಿದೆಯೇ ನಿಷೇಧಿಸಿತ್ತು. ಅತಿ ದೊಡ್ಡ ಗಿರಾಕಿಯ ಬಾಯಿಗೆ ತಾನೇ ಬೀಗ ಹಾಕಿಕೊಂಡ ವ್ಯಾಪಾರ! 2022ರ ಆಗಸ್ಟಿನ ಕಾಯಿದೆ ಆ ಬೀಗವನ್ನು ಸ್ವಲ್ಪ ಸಡಿಲಿಸಿತು. ಮೊದಲ ಹತ್ತು ಔಷಧಗಳ ಚೌಕಾಸಿ ದರ 2026ರ ಜನವರಿ 1ರಂದು ಜಾರಿಗೆ ಬಂತು.

ಶಾಸಕರ ಜಗಳ

ಒಬಾಮಾ ಕಾಯಿದೆ ವಿಮೆಯಿಲ್ಲದವರ ಪ್ರಮಾಣವನ್ನು 2010ರ ಶೇಕಡಾ 16ರಿಂದ 2023ರಲ್ಲಿ ಶೇಕಡಾ 8ಕ್ಕೆ ಇಳಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಹುಟ್ಟಿದಂದಿನಿಂದ ಆ ಕಾಯಿದೆಗೆ ನೆಮ್ಮದಿಯಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತಾದರೂ ಮೆಡಿಕೇಯ್ಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಟೆಕ್ಸಾಸ್, ಫ್ಲಾರಿಡಾ ಸೇರಿ ಹತ್ತು ರಾಜ್ಯಗಳು ಅದನ್ನು ಸ್ವೀಕರಿಸಿಲ್ಲ. ಅವುಗಳಲ್ಲಿ ಬಹುತೇಕ ಕಡೆ ಬಡತನ ರೇಖೆಗಿಂತ ಕೆಳಗಿರುವ, ಮಕ್ಕಳಿಲ್ಲದ ವಯಸ್ಕನಿಗೆ ಮೆಡಿಕೇಯ್ಡೂ ಇಲ್ಲ, ಖಾಸಗಿ ವಿಮೆಗೆ ಸಹಾಯಧನವೂ ಇಲ್ಲ. ರೇಖೆಗಿಂತ ತುಸು ಮೇಲಿರುವವನಿಗೆ ಸಹಾಯಧನ ಉಂಟು! 2017ರ ಜುಲೈನಲ್ಲಿ ಕಾಯಿದೆಯನ್ನು ಕೆಡವುವ ಯತ್ನ ಸೆನೆಟ್‌ನಲ್ಲಿ 49-51 ಮತಗಳಿಂದ ಸೋತಿತು.

2021ರಲ್ಲಿ ಹೆಚ್ಚಿಸಿದ್ದ ಸಹಾಯಧನದ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದನ್ನು ಮುಂದುವರಿಸುವ ಜಗಳದಲ್ಲಿಯೇ 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಕಚೇರಿಗಳು ಬಾಗಿಲು ಮುಚ್ಚಿದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ, ಕಚೇರಿ ತೆರೆಯಿತು, ಸಹಾಯಧನ ತೀರಿಹೋಯಿತು. ಈಗ ಬಡತನ ರೇಖೆಯ ನಾಲ್ಕು ಪಟ್ಟು, ಅಂದರೆ ಒಂಟಿ ವ್ಯಕ್ತಿಗೆ ವರ್ಷಕ್ಕೆ 62,600 ಡಾಲರ್ ಮೀರಿದರೆ ಸಹಾಯಧನ ಪೂರ್ಣ ನಿಲ್ಲುತ್ತದೆ. ಅರವತ್ತು ದಾಟಿದ, ಮೆಡಿಕೇರ್ ವಯಸ್ಸು ಇನ್ನೂ ಬಾರದ ಅಂಗಡಿಯಾತ ಡಿಸೆಂಬರಿನಲ್ಲಿ ಒಂದು ದೊಡ್ಡ ಆರ್ಡರ್ ಪಡೆದು ಆ ಗೆರೆಯನ್ನು ದಾಟಿದನೆಂದರೆ, ಲಾಭಕ್ಕಿಂತ ವಿಮೆಯ ಹೊರೆಯೇ ಹೆಚ್ಚಾದೀತು. ಬಿಲ್ಲನ್ನು ಜನವರಿಗೆ ಹಾಕೋಣವೇ ಎಂದು ಲೆಕ್ಕಿಗನನ್ನು ಕೇಳುವ ಸ್ಥಿತಿ ಅವನದು. ದುಡಿಮೆಯನ್ನು ಮುಂದೂಡಿಸುವ ನೀತಿ ಯಾವ ಪಕ್ಷದ್ದಾದರೂ ಕೆಟ್ಟ ನೀತಿಯೇ. ಸಹಾಯಧನ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ಪ್ರಪಾತದಂತೆ ಬೀಳಕೂಡದು.

2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯಿದೆ, ಮೆಡಿಕೇಯ್ಡ್ ಪಡೆಯುವ ದುಡಿಯಬಲ್ಲ ವಯಸ್ಕರಲ್ಲಿ ಬಹುಪಾಲಿನವರು ತಿಂಗಳಿಗೆ 80 ಗಂಟೆ ದುಡಿದದ್ದನ್ನೋ ತತ್ಸಮಾನ ಚಟುವಟಿಕೆಯನ್ನೋ ರುಜುವಾತು ಪಡಿಸಬೇಕೆಂದು ವಿಧಿಸಿದೆ. 2027ರ ಜನವರಿ 1ರ ವೇಳೆಗೆ ರಾಜ್ಯಗಳು ಅದನ್ನು ಜಾರಿಗೊಳಿಸಬೇಕು. ಕಾಯಿದೆಯ ಒಟ್ಟು ಪರಿಣಾಮವಾಗಿ 2034ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿ ಹೆಚ್ಚೀತೆಂದು ಶಾಸಕಾಂಗದ ಆಯವ್ಯಯ ಕಚೇರಿಯೇ ಅಂದಾಜು ಮಾಡಿದೆ. ದುಡಿಯುವವನು ಪಡೆಯಲಿ ಎಂಬ ತತ್ತ್ವಕ್ಕೆ ತಕರಾರಿಲ್ಲ. ಆದರೆ ಇಂದು ಒಂದು ಹೋಟೆಲಿನಲ್ಲಿ ಆರು ಗಂಟೆ, ನಾಳೆ ಇನ್ನೊಂದು ಗೋದಾಮಿನಲ್ಲಿ ನಾಲ್ಕು ಗಂಟೆ ದುಡಿಯುವವನು ಕಾಗದ ಹೊಂದಿಸಲಾರದೆ ಸೌಲಭ್ಯ ಕಳೆದುಕೊಂಡರೆ, ಅವನು ದುಡಿಯಲಿಲ್ಲವೆಂದು ಅರ್ಥವಲ್ಲ. ಫಾರಂ ತುಂಬಿಸಿ ಸಲ್ಲಿಸುವುದರಲ್ಲಿಯೇ ಆಯುಸ್ಸು ಸವೆಸಿದ ಇಲ್ಲಿನ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಇದರ ಬಿಸಿ ಇದೆ. ಮಗ ನೌಕರಿ ಕಳೆದುಕೊಂಡರೆ ವೀಸಾದೊಡನೆ ವಿಮೆಯೂ ಅಲುಗಾಡುತ್ತದೆ. ಹೆರಿಗೆ ಬಾಣಂತನಕ್ಕೆಂದು ಹೋದ ಅಪ್ಪ ಅಮ್ಮಂದಿರಿಗೆ ಪ್ರವಾಸಿ ವಿಮೆಯೇ ಗತಿ. ಗ್ರೀನ್ ಕಾರ್ಡ್ ಪಡೆದು ಅಲ್ಲಿಯೇ ನೆಲೆಸಿದ, ಅಲ್ಲಿ ದುಡಿದ ದಾಖಲೆಯಿಲ್ಲದ ವೃದ್ಧರು ಐದು ವರ್ಷ ವಾಸವಿದ್ದ ಮೇಲಷ್ಟೇ ಹಣ ಕಟ್ಟಿ ಮೆಡಿಕೇರ್ ಸೇರಬಹುದು.

ದಕ್ಷಿಣ ಕ್ಯಾರೊಲೈನಾದ ಆ ಸಭೆಯಲ್ಲಿ ಮೆಡಿಕೇರ್ ಯಾರದೆಂದು ವಿವರಿಸಲು ಹೊರಟ ಬಾಬ್ ಇಂಗ್ಲಿಸ್, ಮರುವರ್ಷ 2010ರಲ್ಲಿ ತಮ್ಮದೇ ಪಕ್ಷದ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ ಸೋತು ಸ್ಥಾನ ಕಳೆದುಕೊಂಡರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಮೆಡಿಕೇಯ್ಡ್ ವಿಸ್ತರಣೆಯನ್ನು ಸ್ವೀಕರಿಸದ ಹತ್ತು ರಾಜ್ಯಗಳಲ್ಲಿ ದಕ್ಷಿಣ ಕ್ಯಾರೊಲೈನಾವೂ ಒಂದು.